ಮುಖಂಡರ ಜೀವನಚರಿತ್ರೆಗೆ ಐದು ತಾಲೂಕು

ನಮ್ಮ ಕಡೆ ರಾಜಕಾರಣಿಗಳು ಸುಳ್ಳು ಹೇಳುವ ಶ್ರಮ ತೆಗೆದುಕೊಳ್ಳುವುದಿಲ್ಲ. ಅವರ ಪರವಾಗಿ ಹೇಳಲು ಹಿಂಬಾಲಕರಿದ್ದಾರೆ. ಹಾಗಾಗಿ ಇಂಥವರ ಬದುಕಿನ ಒಂದು ಸಾಲು ನಿಜವೋ ಅಲ್ಲವೋ ನೋಡೋಣ ಅಂತ ಹೊರಟರೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನಾನು ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಬಿಡುವಿದ್ದಾಗ ಅಂತರ್ಜಾಲದ ಒಂದು ವಿಶ್ವಕೋಶಕ್ಕೆ ಈ ಭಾಗದ ರಾಜಕಾರಣಿಗಳ ಜೀವನಚರಿತ್ರೆ ಬರೆಯುತ್ತೇನೆ. ಸಂಬಳವಿಲ್ಲ, ಚಹಾ ಮಾತ್ರ ಹೋದಲ್ಲೆಲ್ಲ ಸಿಗುತ್ತದೆ.

ನಮ್ಮ ಮುಖಂಡರೊಬ್ಬರಿಗೆ ಬರುವ ಚುನಾವಣೆಗೆ ಟಿಕೆಟ್ ಬೇಕಾಗಿತ್ತು. ಈಗ ಹೈಕಮಾಂಡಿನವರು ಟಿಕೆಟ್ ಕೊಡುವ ಮೊದಲು ಮೊಬೈಲಿನಲ್ಲಿ ಹೆಸರು ಹುಡುಕುತ್ತಾರೆ ಎಂದು ಯಾರೋ ಅವರ ಕಿವಿ ಊದಿದ್ದರು. ಇವರ ಹೆಸರು ಹುಡುಕಿದರೆ ದಾವಣಗೆರೆಯ ಒಬ್ಬ ಹಲ್ಲಿನ ಡಾಕ್ಟರು ಬರುತ್ತಿದ್ದರು. ಗಾಬರಿಯಾಗಿ ನನಗೆ ತಮ್ಮ ಜೀವನಚರಿತ್ರೆಯನ್ನು ವಾಟ್ಸಾಪ್ ಮಾಡಿದರು, ಜೊತೆಗೆ ಕೈಮುಗಿದು ನಿಂತ ಫೋಟೋ. ಹಾಗೇ ಹಾಕಲು ಬರುವುದಿಲ್ಲ, ಪ್ರತಿಯೊಂದನ್ನೂ ವಿಚಾರಿಸಬೇಕು ಎಂದೆ.

"ವಿಚಾರಸ್ರಿ ಮೇಡಂ. ನಮ್ಮ ಸುತ್ತಿನ ಐದೂ ತಾಲೂಕಿನ್ಯಾಗ ಯಾರನ್ನ ಬೇಕಾದ್ರೂ ಕೇಳ್ರಿ," ಎಂದರು.

ಅವರು ಎಡವಿದ್ದೇ ಅಲ್ಲಿ. ನಾನು ಕೇಳಿಬಿಟ್ಟೆ.

ಹುಟ್ಟಿದೂರು

ಅವರು ಕಳಿಸಿದ್ದರಲ್ಲಿ ಹುಟ್ಟಿದ್ದು ಹೊಸಹಳ್ಳಿ ಎಂದಿತ್ತು. ಹಳೆಯ ಪತ್ರಿಕೆಗಳನ್ನು ತಿರುವಿದರೆ ಹಲವಾಗಲಿನ ಸಭೆಯಲ್ಲಿ ತಾನು ಇದೇ ಹೊಳೆ ದಂಡೆಯಲ್ಲಿ ಹುಟ್ಟಿದವನೆಂದು ಹೇಳಿ ಕಣ್ಣೊರೆಸಿಕೊಂಡಿದ್ದರು. ಕೊಟ್ಟೂರಿನಲ್ಲೂ ಹುಟ್ಟಿದ್ದರು. ಹಡಗಲಿಯಲ್ಲಿ ಹುಟ್ಟಿದಾಗ ಜನ ಚಪ್ಪಾಳೆ ತಟ್ಟಿದ್ದರು.

ಕೂಡ್ಲಿಗಿಯಲ್ಲಿ ಅವರ ದೊಡ್ಡಕ್ಕ ಇದ್ದಾರೆಂದು ತಿಳಿದು ಹೋದೆ. ವಯಸ್ಸಾದ ಅಜ್ಜಿ, ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ನನಗೂ ಒಂದು ಬೊಗಸೆ ಕೊಟ್ಟು ಸುಲಿಯಲು ಹಚ್ಚಿದರು. ಊರುಗಳ ಹೆಸರನ್ನೆಲ್ಲ ಹೇಳಿದೆ. ಅಜ್ಜಿ ಒಂದೊಂದಕ್ಕೂ ತಲೆ ಅಲ್ಲಾಡಿಸಿದರು.

"ಅವ ದಾವಣಗೆರಿ ದೊಡ್ಡಾಸ್ಪತ್ರ್ಯಾಗ ಹುಟ್ಯಾನ. ಬಾಣಂತಿಗೆ ಗಂಜಿ ಒಯ್ದಾಕಿ ನಾನೇ."

ಮತ್ತೆ ಅದನ್ನು ಯಾಕೆ ಎಲ್ಲೂ ಹೇಳುವುದಿಲ್ಲ ಎಂದು ಕೇಳಿದೆ. ಅಜ್ಜಿಗೆ ನನ್ನ ಓದಿನ ಬಗ್ಗೆಯೇ ಅನುಮಾನ ಬಂದಂತಿತ್ತು.

"ಅಲ್ಲಿ ಇವಗ ಓಟಿಲ್ಲಲ್ಲವ್ವ," ಎಂದರು.

ವಿದ್ಯಾಭ್ಯಾಸ

ಕೊಟ್ಟೂರಿನಲ್ಲಿ ಪದವಿ ಓದುವಾಗಲೇ ವಿದ್ಯಾರ್ಥಿ ನಾಯಕರಾಗಿದ್ದರಂತೆ. ಅವರ ಕಾಲದಲ್ಲಿ ಅಲ್ಲಿ ಪಾಠ ಮಾಡಿದ ಮೇಷ್ಟ್ರೊಬ್ಬರು ಸಿಕ್ಕರು. ಹೆಸರು ಹೇಳುತ್ತಲೇ ಅವರ ಮುಖ ಅರಳಿತು. ಮುಷ್ಕರ ಮಾಡಿಸಿದ್ದು, ಹಾಸ್ಟೆಲ್ ಊಟ ಸುಧಾರಿಸಿದ್ದು, ಪ್ರಿನ್ಸಿಪಾಲರ ಜೊತೆ ಜಗಳ, ಎಲ್ಲ ನಿಜ ಎಂದರು. ಕೊನೆಗೂ ಒಂದು ಸಾಲು ಗಟ್ಟಿಯಾಯಿತಲ್ಲ ಎಂದು ಖುಷಿಯಾಗಿ ಯಾವ ವಿಷಯ ಓದಿದರು ಎಂದು ಕೇಳಿದೆ.

"ಓದೋದೆಲ್ಲಿ ಬಂತ್ರಿ. ಕಾಲೇಜಿಗೆ ದಿನಾ ಬರ್ತಿದ್ದ, ಸೇರಿದ್ದಿಲ್ಲ ಅಷ್ಟೇ."

ಸೆರೆವಾಸ

ಹರಪನಹಳ್ಳಿಯಲ್ಲಿ ರೈತರ ಪರ ಹೋರಾಡಿ ಜೈಲು ಸೇರಿದ್ದು ಅವರ ಚರಿತ್ರೆಯ ದೊಡ್ಡ ಅಧ್ಯಾಯ. ಬಂಧನದ ಫೋಟೋ ಬೇರೆ ಇತ್ತು. ಕೊರಳಲ್ಲಿ ಹಾರ, ಎತ್ತಿದ ಮುಷ್ಟಿ, ಪಕ್ಕದಲ್ಲಿ ಒಬ್ಬ ಪೊಲೀಸ್. ಆ ಪೊಲೀಸಪ್ಪ ನಿವೃತ್ತನಾಗಿ ಅದೇ ಊರಲ್ಲಿದ್ದ. ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿ ನಗಲು ಶುರು ಮಾಡಿದ.

ನಡೆದದ್ದಿಷ್ಟು. ರಸ್ತೆ ತಡೆ ಮಾಡಿದವರನ್ನು ವ್ಯಾನಿಗೆ ಹತ್ತಿಸಿ ಒಂದು ಕಲ್ಯಾಣಮಂಟಪದಲ್ಲಿ ಕೂಡಿಸಿ, ಉಪ್ಪಿಟ್ಟು ಕೊಟ್ಟು, ಸಂಜೆ ಬಿಡುವುದು ನಮ್ಮಲ್ಲಿನ ಪದ್ಧತಿ. ನಮ್ಮ ಮುಖಂಡರು ತಡವಾಗಿ ಬಂದರು. ಅಷ್ಟರಲ್ಲಿ ವ್ಯಾನ್ ಹೋಗಿತ್ತು. ಬೈಕ್ ಹತ್ತಿ ಅದರ ಬೆನ್ನು ಬಿದ್ದು, ತನ್ನನ್ನೂ ಬಂಧಿಸಿ ಎಂದು ಗೇಟಿನಲ್ಲಿ ಕೂತರು. ಸಾಹೇಬರು ಲೆಕ್ಕ ಮುಗಿದಿದೆ, ಮನೆಗೆ ಹೋಗಿ ಎಂದರು. ಬೇಸರದಿಂದ ಪಕ್ಕದ ಮಂಟಪಕ್ಕೆ ಹೋದರು. ಅಲ್ಲಿ ಯಾರದೋ ಮದುವೆ ನಡೆದಿತ್ತು. ಮುಖಂಡರು ಬಂದರೆಂದು ಹೆಣ್ಣಿನ ಕಡೆಯವರು ಹಾರ ಹಾಕಿದರು.

ಅವರು ಮುಷ್ಟಿ ಎತ್ತಿದ್ದಾರಲ್ಲ, ಪಕ್ಕದಲ್ಲಿ ನೀವೂ ಇದ್ದೀರಲ್ಲ ಎಂದೆ.

"ಮುಷ್ಟ್ಯಾಗ ಇರೋದು ಅಕ್ಷತೆ ಮೇಡಂ. ಮದುಮಗ ನಮ್ಮ ಷಡ್ಡಕನ ಮಗ. ನಾನು ಊಟಕ್ಕೆ ಬಂದಿದ್ದೆ."

ದೈವಬಲ

ಅವರು ಅಧಿಕಾರಕ್ಕೆ ಬರುವುದನ್ನು ಮೈಲಾರದ ಕಾರ್ಣಿಕ ಮೊದಲೇ ನುಡಿದಿತ್ತೆಂದು ಒಂದು ಸಾಲಿತ್ತು. ಹಡಗಲಿ ತಾಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ದೇವರ ಗೊರವಯ್ಯ ಎತ್ತರದ ಬಿಲ್ಲೇರಿ ಒಂದೇ ಒಂದು ಮಾತು ನುಡಿಯುತ್ತಾನೆ. ರೈತರು ಅದರಲ್ಲಿ ಮಳೆ ಹುಡುಕುತ್ತಾರೆ, ರಾಜಕಾರಣಿಗಳು ಕುರ್ಚಿ ಹುಡುಕುತ್ತಾರೆ. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧ. ಅವನು ಚುನಾವಣೆ ವಿಷಯಕ್ಕೆ ಬಾಯಿ ಹಾಕಿದವನಲ್ಲ. ಆದರೂ ಕೆಲಸ ಕೆಲಸವೇ ಅಂತ ಹೋದೆ.

ಅಲ್ಲಿ ಭಂಡಾರದ ಅರಿಶಿನ ಮಾರುವ ಹಿರಿಯರೊಬ್ಬರನ್ನು ಕೇಳಿದೆ. ಆ ವರ್ಷದ ನುಡಿ ನಮ್ಮ ಮುಖಂಡರ ಬಗ್ಗೆಯೇ ಎಂದು ಒಪ್ಪಿಕೊಂಡರು. ಅವರ ಎದುರಾಳಿ ಕೂಡ ಅದು ತನ್ನ ಬಗ್ಗೆಯೇ ಎನ್ನುತ್ತಾರಲ್ಲ ಎಂದೆ. ಅದೂ ಹೌದು ಎಂದರು. ಹಾಗಾದರೆ ಯಾರದು ಖರೆ ಎಂದು ಪಟ್ಟು ಹಿಡಿದೆ.

"ಇಬ್ಬರೂ ನಮ್ಮಲ್ಲೇ ಭಂಡಾರ ತಗೊಂಡಾರವ್ವ. ನಾನ್ಯಾಕ ಇಲ್ಲ ಅನ್ಲಿ," ಎಂದರು.

ಅಧಿಕಾರ

ಇಷ್ಟೆಲ್ಲ ಜಾರಿಹೋದರೂ ಒಂದು ಮಾತ್ರ ಬಂಡೆಯಂತೆ ಗಟ್ಟಿಯಾಗಿತ್ತು. ಅವರು ತಾಲೂಕು ಪಂಚಾಯ್ತಿ ಅಧ್ಯಕ್ಷರಾಗಿದ್ದರು. ಇದಕ್ಕೆ ಬಸ್ ಸ್ಟ್ಯಾಂಡಿನ ಹೋಟೆಲಿನವನಿಂದ ಹಿಡಿದು ಎದುರಾಳಿಯ ತನಕ ಎಲ್ಲರೂ ಸಾಕ್ಷಿ. ಈಗಲೂ ಅವರನ್ನು ಕರೆಯುವುದೇ ಅಧ್ಯಕ್ಷರು ಅಂತ. ಇದೊಂದು ಸಾಲು ಸಾಕು, ಟಿಕೆಟ್ಟಿನ ಮಾತು ಅವರೇ ನೋಡಿಕೊಳ್ಳಲಿ ಎಂದು, ಆಗ ಮಾಡಿದ ಕೆಲಸಗಳನ್ನು ಕೇಳಿಕೊಂಡು ಬರಲು ಅವರ ಮನೆಗೆ ಹೋದೆ. ಅವರು ಇರಲಿಲ್ಲ. ಹೆಂಡತಿ ಚಹಾ ತಂದರು.

ಯಜಮಾನರು ಅಧ್ಯಕ್ಷರಾಗಿದ್ದಾಗ ಏನೇನು ಮಾಡಿದರು ಅಕ್ಕಾ ಎಂದು ಕೇಳಿದೆ.

"ಅವರು ಯಾವಾಗ ಆಗಿದ್ರು? ಅಧ್ಯಕ್ಷಿ ನಾನು," ಎಂದರು ಅಕ್ಕ.

ನನ್ನ ಚಹಾ ನೆತ್ತಿಗೇರಿತು. ನಿಂತು ಗೆದ್ದದ್ದು ಅಕ್ಕ, ಕುರ್ಚಿ ಮಹಿಳಾ ಮೀಸಲಿಗೆ ಬಂದಾಗ ಕೂತದ್ದೂ ಅಕ್ಕ. ಕುಡಿಯುವ ನೀರು, ಶಾಲೆಗಳಿಗೆ ಶೌಚಾಲಯ, ಹಾಸ್ಟೆಲ್ ರಿಪೇರಿ, ಒಂದೊಂದನ್ನೂ ಊರಿನ ಹೆಸರು ಸಮೇತ ಹೇಳಿದರು. ನಾನು ಆಮೇಲೆ ಆ ಊರುಗಳಿಗೇ ಹೋಗಿ ನೋಡಿ ಬಂದೆ. ನಲ್ಲಿಯಲ್ಲಿ ನೀರು ಬರುತ್ತಿತ್ತು. ಇವರ ಚರಿತ್ರೆ ಹಿಡಿದು ತಿರುಗಿದಷ್ಟು ದಿನ ನಿಜ ಅನ್ನುವ ವಸ್ತು ಕಣ್ಣಿಗೆ ಬಿದ್ದದ್ದು ಅದೇ ಮೊದಲು, ಅಲ್ಲೇ ನಿಂತು ಮುಖ ತೊಳೆದುಕೊಂಡೆ.

ಗಂಡ ಆಗ ಏನು ಮಾಡುತ್ತಿದ್ದರು ಎಂದೂ ಕೇಳಿದ್ದೆ. ಮೊದಲ ಮೀಟಿಂಗಿಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಭಾಷಣ ಶುರು ಮಾಡಿದರಂತೆ. ಅಕ್ಕ ಅಧಿಕಾರಿಯ ಕಡೆ ತಿರುಗಿ, ಇವರು ಯಾವ ಕ್ಷೇತ್ರದ ಸದಸ್ಯರು ಎಂದು ವಿಚಾರಿಸಿದರಂತೆ. ಅಂದಿನಿಂದ ಅವರು ಹೊರಗೆ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದರು. ಬಂದವರೆಲ್ಲ ಅಲ್ಲೇ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದರಿಂದ ಊರಿಗೆಲ್ಲ ಅವರೇ ಅಧ್ಯಕ್ಷರಾದರು.

ಕುಟುಂಬ

ಅವರ ಹೆಸರಿನಲ್ಲಿ ಬರೆಯಲು ದಾವಣಗೆರೆಯ ಆಸ್ಪತ್ರೆಯೊಂದೇ ಉಳಿಯಿತು. ಆದ್ದರಿಂದ ನಾನು ಅಕ್ಕನ ಜೀವನಚರಿತ್ರೆ ಬರೆದು ಹಾಕಿದೆ. ಮುಖಂಡರ ಬಗ್ಗೆ ಪಾಪ ಅನ್ನಿಸಿತು ಎಂದರೆ ಸುಳ್ಳು, ಒಳಗೊಳಗೇ ಖುಷಿಯೇ ಆಗಿತ್ತು. ಹೈಕಮಾಂಡಿನವರು ತಾಲೂಕು ಪಂಚಾಯ್ತಿ ಅಧ್ಯಕ್ಷರಾಗಿದ್ದವರು ಯಾರೆಂದು ನಿಜವಾಗಿಯೂ ಮೊಬೈಲಿನಲ್ಲಿ ಹುಡುಕಿದರು. ಅಕ್ಕ ಸಿಕ್ಕರು. ಟಿಕೆಟ್ ಅಕ್ಕನಿಗೆ ಆಯಿತು.

ಒಂದು ಭಾನುವಾರ ಮುಖಂಡರು ನಮ್ಮ ಮನೆಗೇ ಬಂದರು. ಬೈಸಿಕೊಳ್ಳಲು ಸಿದ್ಧಳಾಗಿ ಕುರ್ಚಿ ಹಾಕಿದೆ. ಅವರು ಬೈಯಲಿಲ್ಲ. ಕೂತು, ಹೆಗಲ ಮೇಲಿನ ಶಲ್ಯ ತೆಗೆದು ತೊಡೆಯ ಮೇಲೆ ಮಡಚಿಟ್ಟುಕೊಂಡರು. ಟಿಕೆಟ್ ಮನೆಗೇ ಬಂದಿದೆ, ಅದರದೇನೂ ಬೇಜಾರಿಲ್ಲ ಎಂದರು. ಕಷ್ಟ ಬೇರೆ ಇತ್ತು. ಹೆಂಡತಿಯ ಜೊತೆ ಪಕ್ಷದ ಕಚೇರಿಗೆ ಹೋದರೆ ಬಾಗಿಲಲ್ಲಿ ಇವರನ್ನು ಯಾರೆಂದು ಕೇಳಿದ್ದರು. ಗಂಡ ಎಂದಿದ್ದರು. ಬಾಗಿಲಲ್ಲಿದ್ದವರು ಮೊಬೈಲ್ ತೆಗೆದು ಅಕ್ಕನ ಚರಿತ್ರೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಇದರಲ್ಲಿ ಗಂಡ ಇಲ್ಲವಲ್ಲ ಎಂದು ಹೊರಗೇ ಕೂಡಿಸಿದ್ದರು.

"ಒಂದ್ ಸಾಲು ಮೇಡಂ. ಕುಟುಂಬ ಅಂತ ಬರ್ದು ನನ್ನ ಹೆಸರು ಹಾಕ್ರಿ, ಸಾಕು."

ಈ ಸಲ ನನಗೆ ನಿಜಕ್ಕೂ ಪಾಪ ಅನ್ನಿಸಿತು. ಆದರೆ ಬದುಕಿರುವವರ ಮನೆಯ ವಿಷಯ ಹಾಕಲು ಅವರ ಒಪ್ಪಿಗೆ ಬೇಕೆಂಬುದು ನಮ್ಮ ನಿಯಮ. ಅವರೆದುರಿಗೇ ಅಕ್ಕನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಯಜಮಾನರ ಹೆಸರು ಸೇರಿಸಲೇ ಎಂದು ಕೇಳಿದೆ. ಮುಖಂಡರು ಶಲ್ಯ ಹಿಡಿದುಕೊಂಡು ಮುಂದಕ್ಕೆ ಬಾಗಿದರು. ಆ ಕಡೆಯಿಂದ ಅಕ್ಕನ ದನಿ ಬಂತು.

"ಈಗ ಬ್ಯಾಡ್ರಿ ಮೇಡಂ. ಚುನಾವಣಿ ಮುಗಿಯೋತನ ಹೆಂಗ ನಡಕೊಂತಾರ ನೋಡಿ ಹೇಳ್ತೀನಿ."