ದ್ರಾಕ್ಷಿ ತೋಟದಲ್ಲಿ ಅಳಿಯಂದಿರ ಹಕ್ಕಿಬೇಟೆ

"ಇವತ್ತಿನಿಂದ ನನ್ನ ಕ್ಯಾಮೆರಾ ಕಣ್ಣಿಗೆ ಮನುಷ್ಯಜಾತಿ ಬೀಳಕೂಡದು!"

ಈ ಭೀಷ್ಮಪ್ರತಿಜ್ಞೆಯನ್ನು ಭಾನುಪ್ರಕಾಶರು ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ಬಚ್ಚಲುಮನೆಯ ಬಾಗಿಲಲ್ಲಿ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ಭೀಷ್ಮರ ಕಾಲದಲ್ಲಿ ಆಕಾಶದಿಂದ ಹೂಮಳೆ ಸುರಿದಿತ್ತಂತೆ. ಇಲ್ಲಿ ಗೋಡೆಯ ಮೇಲೆ ನೊರೆ ಸಿಡಿಯಿತು, ಅಷ್ಟೇ.

"ಮೊದಲು ಬಾಯಿ ಮುಕ್ಕಳಿಸಿ" ಎಂದಳು ಹೆಂಡತಿ ರಾಧಾಮಣಿ.

ಭಾನುಪ್ರಕಾಶರು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಹಿಂದಿನ ವರ್ಷ ಊರು ಕೋಲಾರದಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಯಿತಲ್ಲ, ಅದೇ ಹುರುಪಿನಲ್ಲಿ ಅವರೊಂದು ಡಿಜಿಟಲ್ ಕ್ಯಾಮೆರಾ ಕೊಂಡರು. ಅದರ ಲೆನ್ಸು ಎಷ್ಟು ಉದ್ದವೆಂದರೆ, ಇವರು ಜಗಲಿಯಲ್ಲಿ ನಿಂತು ಅದನ್ನು ತಿರುಗಿಸಿದರೆ ಎದುರುಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಇಣುಕಿ ನೋಡುತ್ತಾರೆಂದಲ್ಲ, ಗಾಜಿಗೆ ತಗಲುತ್ತದೆಂದು!

ಕೊಂಡಿದ್ದು ಹಕ್ಕಿಗಳಿಗಾಗಿ. ಆದರೆ ಹಕ್ಕಿಗಳಿಗಿಂತ ಮೊದಲು ಸುದ್ದಿ ತಿಳಿದದ್ದು ರಾಧಾಮಣಿಯ ನೆಂಟರಿಗೆ. ಗೌರಿಬಿದನೂರಿನಲ್ಲಿ ನಾಮಕರಣ, ಚಿಂತಾಮಣಿಯಲ್ಲಿ ನಿಶ್ಚಿತಾರ್ಥ, ನಡುವೆ ಯಾರದೋ ಕಿವಿ ಚುಚ್ಚುವುದು. ಶಿಡ್ಲಘಟ್ಟದಲ್ಲೊಬ್ಬರು ಹೊಸ ಬೋರ್‌ವೆಲ್‌ನಲ್ಲಿ ನೀರು ಬಿದ್ದದ್ದರ ಫೋಟೊ ತೆಗೆಯಲು ಕರೆದು, ನೀರಿನ ಮುಂದೆ ಬೀಗರು ಬಿಜ್ಜರೆಲ್ಲ ಸಾಲಾಗಿ ನಿಂತರು. ಫೋಟೊದಲ್ಲಿ ನೀರೊಂದು ಬಿಟ್ಟು ಎಲ್ಲರೂ ಬಿದ್ದಿದ್ದರು. ವರ್ಷವೊಂದು ಕಳೆಯಿತು. ಕ್ಯಾಮೆರಾದೊಳಗೆ ಒಂದು ಗುಬ್ಬಚ್ಚಿಯೂ ಇರಲಿಲ್ಲ.

"ಅಷ್ಟು ಬೇಜಾರಾಗಿದ್ರೆ ಒಂದು ಪಂದ್ಯ ಕಟ್ತೀನಿ" ಎಂದಳು ರಾಧಾಮಣಿ. "ಇವತ್ತು ಹೇಗೂ ಪೆರೇಸಂದ್ರಕ್ಕೆ, ನಮ್ಮಪ್ಪನ ತೋಟಕ್ಕೆ ಹೋಗ್ತಿದೀವಿ. ಒಂದೇ ಒಂದು ಹಕ್ಕಿ ತೆಗೀರಿ. ನಮ್ಮಜ್ಜಿ ಫೋಟೊ ನೋಡಿದ ತಕ್ಷಣ ಇದು ಇಂಥಾ ಹಕ್ಕಿ ಅನ್ನಬೇಕು. ಅಂದ್ರೆ, ನಮ್ಮ ನೆಂಟರು ಯಾರ ಮನೆಗೂ ನೀವು ಕ್ಯಾಮೆರಾ ತರಬೇಕಾಗಿಲ್ಲ. ನಾನೇ ಫೋನ್ ಮಾಡಿ ಎಲ್ಲರಿಗೂ ಹೇಳ್ಬಿಡ್ತೀನಿ."

"ಅನ್ನದೇ ಹೋದ್ರೆ?"

"ಬರೋ ತಿಂಗಳು ನಮ್ಮ ದೊಡ್ಡಮ್ಮನ ಮೊಮ್ಮಗನ ಮುಡಿ ತೆಗೆಸ್ತಾರೆ. ಕೊನೇ ಕೂದಲು ಬೀಳೋವರೆಗೂ ನಿಂತು ತೆಗೀಬೇಕು!"

ಭಾನುಪ್ರಕಾಶರು ಎದೆಯುಬ್ಬಿಸಿ ಸ್ಕೂಟರ್ ಒದ್ದರು.

ಫಾಲ್ಗುಣ ಆಗಷ್ಟೇ ಕಣ್ಣು ಬಿಟ್ಟಿತ್ತು. ಹೊಂಗೆ ಎಳೆ ಚಿಗುರು ಬಿಟ್ಟು, ಮಾವು ಹೂ ಹೊತ್ತು, ಮುತ್ತುಗದ ಮರ ಕೆಂಪಗೆ ಉರಿಯುತ್ತ ಎಲ್ಲ ತಯಾರಾಗಿತ್ತು. ಆದರೆ ಆಕಾಶ ಮಾತ್ರ ತೊಳೆಯದ ಅಲ್ಯೂಮಿನಿಯಂ ಪಾತ್ರೆಯ ಹಾಗೆ ಬೋರಲು ಬಿದ್ದಿತ್ತು. ಕಳವಾರದ ಕಡೆ ತಿರುಗಿ ನೋಡಿದರೆ ಸ್ಕಂದಗಿರಿ ಬೆಟ್ಟವೇ ಇಲ್ಲ! ಯಾರೋ ಬುಡಸಮೇತ ಕಿತ್ತು ಲಾರಿಗೆ ಹೇರಿಕೊಂಡು ಹೋದಂತಿತ್ತು. ಬಿಸಿಲೆಂಬ ಪದಾರ್ಥ ಜಿಲ್ಲೆಯಲ್ಲೆಲ್ಲೂ ದಾಸ್ತಾನಿರಲಿಲ್ಲ.

ತೋಟದ ಬಾಗಿಲಲ್ಲೇ ಮಾವ ಪಿಳ್ಳಪ್ಪನವರು ಆಕಾಶ ನೋಡುತ್ತ ಕೈ ಹಿಸುಕಿಕೊಳ್ಳುತ್ತಿದ್ದರು. ಚಪ್ಪರದ ತುಂಬ ದಿಲ್‌ಖುಷ್ ದ್ರಾಕ್ಷಿ ಹಣ್ಣಾಗಿ ತೂಗಾಡುತ್ತಿತ್ತು.

"ಮಳೆ ಬಿದ್ರೆ ಹಣ್ಣೆಲ್ಲಾ ಬಿರಿದುಹೋಗ್ತದೆ ಅಳಿಯಂದ್ರೇ! ಇವತ್ತೇ ಮಾರಿಬಿಡಬೇಕು. ಮಂಡಿ ವೆಂಕಟರಾಯಪ್ಪನವರು ಹೈವೇಗೆ ಬಂದವ್ರಂತೆ, ಕರ್ಕೊಂಡು ಬರ್ತೀನಿ. ಅಲ್ಲೀವರೆಗೂ ಅಮ್ಮನ ಜೊತೆ ಹಕ್ಕಿ ಕಾಯ್ಕೊಳಿ. ಒಂದು ಹಕ್ಕಿ ಕೂತ್ಕೋಬಾರ್ದು ನೋಡಿ!"

"ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ ಮಾವ" ಎಂದರು ಭಾನುಪ್ರಕಾಶರು, ಲೆನ್ಸಿನ ಮುಚ್ಚಳ ತೆಗೆಯುತ್ತ.

ತೋಟದ ಕಾವಲಿಗೆ ಎರಡು ವ್ಯವಸ್ಥೆಗಳಿದ್ದವು. ಒಂದು, ಹಳೇ ಕ್ಯಾಸೆಟ್ಟುಗಳ ರೀಲು. ಅದನ್ನು ಕಲ್ಲುಕಂಬದಿಂದ ಕಲ್ಲುಕಂಬಕ್ಕೆ ಎಳೆದು ಕಟ್ಟಿದ್ದರು. ಗಾಳಿಗೆ ಅದು ಮಿರಮಿರ ಮಿಂಚಿ ಗುಂಯ್ ಎಂದರೆ ಹಕ್ಕಿಗಳು ಹತ್ತಿರ ಸುಳಿಯವು. ಇನ್ನೊಂದು, ಪಿಳ್ಳಪ್ಪನವರ ತಾಯಿ ಗಂಗುಲಮ್ಮ. ಕೈಯಲ್ಲೊಂದು ಎಣ್ಣೆ ಡಬ್ಬ, ಬಾಯಲ್ಲೊಂದು ಕೂಗು. ಅಜ್ಜಿ ಒಮ್ಮೆ "ಹೋಯ್" ಎಂದರೆ ಅತ್ತ ಹೈವೇಯಲ್ಲಿ ಬಸ್ಸು ನಿಂತುಬಿಡುತ್ತಿತ್ತು. ಯಾರೋ ಹತ್ತುವವರಿದ್ದಾರೆಂದು ಕಂಡಕ್ಟರು ಬಾಗಿಲು ತೆರೆದು ಕಾಯುತ್ತಿದ್ದನಂತೆ!

ಇಂಥ ಕಡೆ ಹಕ್ಕಿ ಫೋಟೊ ತೆಗೆಯುವುದೆಂದರೆ ದೀಪಾವಳಿಯ ಪಟಾಕಿ ಅಂಗಡಿಯಲ್ಲಿ ಮಗು ಮಲಗಿಸಿದ ಹಾಗೆ. ಭಾನುಪ್ರಕಾಶರು ಉಪಾಯ ಹೂಡಿದರು.

"ಅಜ್ಜೀ, ಗಂಟಲು ಒಣಗಿರ್ತದೆ. ಒಳಗೆ ಹೋಗಿ ಕಾಫಿ ಕುಡೀರಿ. ನಾನು ನೋಡ್ಕೋತೀನಿ."

"ನೀನು ಕೂಗ್ತೀಯೇನಪ್ಪಾ?"

"ನಾನು ಮೇಷ್ಟ್ರು ಅಜ್ಜಿ. ದಿನಾ ಕೂಗೋದೇ ನನ್ನ ಕೆಲಸ."

"ನೀನು ಕೂಗಿದ್ರೆ ಹುಡುಗ್ರು ಎದ್ದು ಹೋಗ್ತಾವಾ?"

"ಹೋಗ್ತಾರೆ."

"ಹಂಗಾದ್ರೆ ಸರಿ" ಎಂದು ಅಜ್ಜಿ ಡಬ್ಬ ಕೊಟ್ಟು ಒಳಗೆ ಹೋದರು.

ಡಬ್ಬವನ್ನು ಬೋರಲು ಹಾಕಿ ಭಾನುಪ್ರಕಾಶರು ಅದರ ಮೇಲೆ ಕೂತರು. ತೋಟ ನಿಶ್ಶಬ್ದವಾಯಿತು. ಬೇಲಿಯ ಮೇಲೆ ಹಕ್ಕಿಯೊಂದು ಬಂತು. ಕ್ಲಿಕ್! ನೋಡಿದರೆ ಫೋಟೊದಲ್ಲಿ ಬೂದುಬಣ್ಣದ ಹೊಗೆ. ಇನ್ನೊಂದು ಬಂತು. ಕ್ಲಿಕ್! ಇನ್ನೊಂದಿಷ್ಟು ಹೊಗೆ. ಈ ಮಂಕು ಬೆಳಕಿನಲ್ಲಿ ಹಕ್ಕಿ ಕೊಕ್ಕು ಆಡಿಸಿದರೂ ಸಾಕು, ಚಿತ್ರವೆಲ್ಲ ಕಲಸಿಹೋಗುತ್ತಿತ್ತು. ಅಜ್ಜಿಗೆ ತೋರಿಸಿದರೆ "ಎಲ್ಲಪ್ಪಾ ಬೆಂಕಿ ಬಿದ್ದಿದ್ದು?" ಅನ್ನುವುದು ಖಂಡಿತ.

ಹಕ್ಕಿ ಅಲ್ಲಾಡದೆ ಕೂರಬೇಕು. ಅಲ್ಲಾಡದೆ ಕೂರುವುದು ಯಾವಾಗ? ಊಟಕ್ಕೆ ಕೂತಾಗ! ಈ ಸತ್ಯ ಹೊಳೆದದ್ದೇ, ಭಾನುಪ್ರಕಾಶರು ಎದ್ದು ಎರಡು ಸಾಲಿನ ರೀಲನ್ನು ಬಿಚ್ಚಿ ಉಂಡೆ ಮಾಡಿ ಪಕ್ಕಕ್ಕಿಟ್ಟರು. ಹೇಗೂ ಅದು ಚೌಕಟ್ಟಿನೊಳಗೆ ಮಿಂಚಿ ಪ್ರಕೃತಿಯ ಮಾನ ಕಳೆಯುತ್ತಿತ್ತು. ಒಂದು ಹಕ್ಕಿ ಒಂದು ಹಣ್ಣು ತಿಂದರೆ ಮಾವನ ಗಂಟೇನೂ ಹೋಗುವುದಿಲ್ಲವಲ್ಲ!

ಒಂದು ಹಕ್ಕಿ ಬಂತು. ಗುಲಾಬಿ ಮೈ, ಕಪ್ಪು ತಲೆ, ಎಲ್ಲೋ ಹೊರದೇಶದಿಂದ ಚಳಿಗಾಲ ಕಳೆಯಲು ಬಂದ ಗುಲಾಬಿ ಕಬ್ಬಕ್ಕಿ! ಗೊಂಚಲಿನ ಮೇಲೆ ಕೂತಿತು, ಹಣ್ಣೊಂದನ್ನು ಕೊಕ್ಕಿನಲ್ಲಿ ಕಚ್ಚಿತು, ರುಚಿಗೆ ಮೈಮರೆತು ಕಲ್ಲಾಯಿತು. ಭಾನುಪ್ರಕಾಶರೂ ಉಸಿರು ಬಿಗಿಹಿಡಿದು ಕಲ್ಲಾದರು. ಕ್ಲಿಕ್!

ಅಬ್ಬಾ! ಒಂದೊಂದು ಗರಿಯನ್ನೂ ಎಣಿಸುವಂತಿದೆ! ಕೊಕ್ಕಿನ ತುದಿಯಲ್ಲಿ ತೊಟ್ಟಿಕ್ಕುವ ರಸವೂ ಕಾಣುತ್ತಿದೆ! ಭಾನುಪ್ರಕಾಶರು ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು, ಚಿಕ್ಕದು ಮಾಡಿ ನೋಡಿದರು, ಕ್ಯಾಮೆರಾಕ್ಕೆ ಮುತ್ತು ಕೊಟ್ಟರು. ಆಮೇಲೆ ತಲೆಯೆತ್ತಿದರು.

ಚಪ್ಪರ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಒಂಟಿ ಹಕ್ಕಿ ಅದೇನು ಸುದ್ದಿ ಕಳಿಸಿತ್ತೋ, ಅದರ ದೇಶಕ್ಕೆ ದೇಶವೇ ಗಂಟುಮೂಟೆ ಕಟ್ಟಿಕೊಂಡು ಬಂದು ಎರಡು ಸಾಲಿಗೂ ಇಳಿದಿತ್ತು! ಭಾನುಪ್ರಕಾಶರು ಚಪ್ಪಾಳೆ ತಟ್ಟಿದರು. ಹಕ್ಕಿಗಳು ಅದನ್ನು ಮೆಚ್ಚುಗೆಯೆಂದು ತಿಳಿದು ಇನ್ನೂ ಉತ್ಸಾಹದಿಂದ ತಿಂದವು. "ಹೋಗಿ! ಹೊರಗೆ ಹೋಗಿ!" ಎಂದು ಕಾಲೇಜಿನ ಧಾಟಿಯಲ್ಲಿ ಗದರಿದರು. ಕಾಲೇಜಿನ ಹುಡುಗರಿಗಿಂತ ಇವು ಶ್ರದ್ಧಾವಂತ ವಿದ್ಯಾರ್ಥಿಗಳು. ಒಂದೂ ಕದಲಲಿಲ್ಲ.

ಕಾಫಿ ತಂದ ರಾಧಾಮಣಿ ಲೋಟ ಕೈಬಿಟ್ಟಳು.

"ರೀ! ಏನ್ರೀ ಇದು! ಡಬ್ಬ ಬಾರಿಸ್ರೀ!"

"ಸಿಕ್ಕಿತು ಕಣೇ! ಎಂಥಾ ಫೋಟೊ ಗೊತ್ತಾ..."

"ಫೋಟೊ ಹಾಳಾಗ್ಲಿ! ನಮ್ಮಪ್ಪನ ಒಂದು ವರ್ಷದ ಬೆಳೆ ಕಣ್ರೀ ಅದು!"

ಭಾನುಪ್ರಕಾಶರು ಡಬ್ಬದ ಕಡೆ ಓಡಿದರು. ದಾರಿಯಲ್ಲಿ ತಾವೇ ಸುತ್ತಿಟ್ಟ ರೀಲಿನ ಉಂಡೆ ಕಾಲಿಗೆ ತೊಡರಿತು. ಬಿಡಿಸಿಕೊಳ್ಳಲು ಹೋದಷ್ಟೂ ಸೊಂಟಕ್ಕೆ, ತೋಳಿಗೆ, ಕತ್ತಿಗೆ ಸುತ್ತಿಕೊಂಡಿತು. ಕಡೆಗೆ ಅವರು ತಲೆಯಿಂದ ಕಾಲಿನವರೆಗೆ ಮಿರಮಿರ ಮಿಂಚುತ್ತ, ಕ್ಯಾಮೆರಾವನ್ನು ಮಾತ್ರ ಮಗುವಿನಂತೆ ಮೇಲೆತ್ತಿ ಹಿಡಿದು, ದೊಪ್ಪನೆ ಕೆಳಗೆ ಕೂತರು. ಅಷ್ಟರಲ್ಲಿ ಅಜ್ಜಿ ಹೊಸ್ತಿಲಿಗೆ ಬಂದು ಒಂದೇ ಒಂದು "ಹೋಯ್!" ಎಂದರು. ಇಡೀ ದೇಶ ಹಾರಿಹೋಯಿತು.

ಸರಿಯಾಗಿ ಆಗಲೇ ಪಿಳ್ಳಪ್ಪನವರು ಮಂಡಿ ವೆಂಕಟರಾಯಪ್ಪನವರ ಜೊತೆ ಒಳಗೆ ಬಂದರು.

ವೆಂಕಟರಾಯಪ್ಪನವರು ದಪ್ಪ ಮೀಸೆಯ, ಮಾತಿಗೆ ತೆಲುಗು ಬೆರೆಸುವ ಚಿಂತಾಮಣಿಯ ಆಸಾಮಿ. ಮೊದಲ ಸಾಲು ನೋಡಿದರು. ಎರಡನೇ ಸಾಲು ನೋಡಿದರು. "ಏಮಿ ಪಿಳ್ಳಪ್ಪಾ ಇದಿ? ಹಣ್ಣು ನೋಡಕ್ಕೆ ಕರೆದ್ಯೋ, ತೊಟ್ಟು ನೋಡಕ್ಕೆ ಕರೆದ್ಯೋ?" ಎಂದು ತಿರುಗಿ ಹೊರಟೇಬಿಟ್ಟರು.

"ಅಯ್ಯೋ, ಇರಿ ಸಾಮಿ! ಒಳಗಡೆ ಸಾಲೆಲ್ಲಾ ಚೆನ್ನಾಗದೆ!" ಪಿಳ್ಳಪ್ಪನವರು ಅವರ ಹಿಂದೆ ಎರಡು ಹೆಜ್ಜೆ ಓಡಿ, ಅಳಿಯನ ಕಡೆ ತಿರುಗಿದರು. "ಯಾವ ಹಾಳು ಹಕ್ಕಿ ಬಂದಿದ್ದು ಅಳಿಯಂದ್ರೇ?"

ಬಾಯಿ ಮುಚ್ಚಿಕೊಂಡಿರಬೇಕಾದ ಘಳಿಗೆ ಅದು. ರಾಧಾಮಣಿ ಕಣ್ಣಲ್ಲೇ 'ಬೇಡ' ಎಂದಳು. ಆದರೆ ಗೆಲುವನ್ನು ಜೇಬಿನಲ್ಲಿಟ್ಟುಕೊಂಡು ಸುಮ್ಮನಿರುವುದು ಮೇಷ್ಟ್ರ ಜಾಯಮಾನವಲ್ಲ. ರೀಲಿನೊಳಗಿಂದ ಕೈ ಚಾಚಿ ಕ್ಯಾಮೆರಾವನ್ನು ಅಜ್ಜಿಯ ಕಣ್ಣೆದುರು ಹಿಡಿದರು. "ನೀವೇ ಹೇಳಿ ಅಜ್ಜೀ, ಇದು ಯಾವ ಹಕ್ಕಿ?"

"ಗೊರವಂಕ!" ಎಂದರು ಅಜ್ಜಿ ತಟ್ಟನೆ, ಕಬ್ಬಕ್ಕಿಯನ್ನು ಹಳ್ಳಿಯ ಹೆಸರಿನಲ್ಲೇ ಗುರುತಿಸಿ. "ಕೆಂಪು ಗೊರವಂಕ! ಬಾಯಲ್ಲಿರೋದು ನಮ್ಮ ದ್ರಾಕ್ಷಿ!"

"ಗೆದ್ದೆ!" ಎಂದು ಕೂಗಿದರು ಭಾನುಪ್ರಕಾಶರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಿಳ್ಳಪ್ಪನವರು ನಿಧಾನವಾಗಿ ಕೇಳಿದರು: "ಅಂದ್ರೆ... ಅದು ತಿಂತಾ ಇದ್ದಾಗ ನೀವು ಫೋಟೊ ಹಿಡೀತಾ ಇದ್ರಾ?"

ತಮ್ಮ ಅಪರಾಧಕ್ಕೆ ತಾವೇ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಒದಗಿಸಿದ ಆರೋಪಿ ಇತಿಹಾಸದಲ್ಲಿ ಇನ್ನೊಬ್ಬನಿಲ್ಲವೆಂದು ಇತಿಹಾಸದ ಮೇಷ್ಟ್ರಿಗೆ ಆಗ ಹೊಳೆಯಿತು.

ಹೊರಟಿದ್ದ ವೆಂಕಟರಾಯಪ್ಪನವರು ಮಾತ್ರ ವಾಪಸು ಬಂದು ಕ್ಯಾಮೆರಾದೊಳಗೆ ಇಣುಕಿದರು. ಇಣುಕಿದವರು ಅಲ್ಲೇ ನಿಂತರು.

"ಇದು ಈಗ, ಈ ಬೆಳಕಲ್ಲಿ ತೆಗೆದಿದ್ದಾ ಸಾಮಿ?"

"ಹೌದು."

"ಲೈಟು ಗೀಟು ಏನೂ ಇಲ್ದೆ?"

"ಏನೂ ಇಲ್ಲ. ಪ್ರಕೃತಿ ಛಾಯಾಗ್ರಹಣದಲ್ಲಿ ಅದೆಲ್ಲ..."

"ಪಿಳ್ಳಪ್ಪಾ!" ವೆಂಕಟರಾಯಪ್ಪನವರ ಮೀಸೆ ಅರಳಿತು. "ಯುಗಾದಿ ಆದ್ಮೇಲೆ ನಮ್ಮ ಚಿಕ್ಕಮಗಳ ಮದುವೆ. ನಮ್ಮೂರ ಛತ್ರದಲ್ಲೂ ಇಷ್ಟೇ ಬೆಳಕು. ದೊಡ್ಡಮಗಳ ಮದುವೆ ಆಲ್ಬಂನಲ್ಲಿ ಅಳಿಯ ಯಾರು, ಪುರೋಹಿತರು ಯಾರು ಅಂತ ಮನೇಲಿ ಇವತ್ತಿಗೂ ಜಗಳ ನಡೀತದೆ! ಈ ಸಾಮಿ ಬಂದ್ರೆ..."

ಪಿಳ್ಳಪ್ಪನವರಿಗೆ ಜೀವ ಬಂತು. "ಬರ್ತಾರೆ! ಚಪ್ಪರದ ದಿನವೇ ಬರ್ತಾರೆ! ಬೀಗರ ಔತಣ ಮುಗಿಸ್ಕೊಂಡೇ ಹೊರಡ್ತಾರೆ. ಈ ಎರಡು ಸಾಲು ನನ್ನ ಕರ್ಮ, ಬಿಟ್ಬಿಡಿ. ಮಿಕ್ಕಿದ್ದನ್ನ ಮೊದಲು ಮಾತಾಡಿದ ರೇಟಿಗೇ ಎತ್ಕೊಳ್ಳಿ, ಸಾಮಿ."

"ಆಯ್ತು, ಆಳು ಕರ್ಸು!"

ಮಂಡಿಯ ಪದ್ಧತಿಯಂತೆ ಟವೆಲಿನ ಮರೆಯಲ್ಲಿ ಕೈಕೈ ಸೇರಿ ವ್ಯಾಪಾರ ಕುದುರಿತು. ದ್ರಾಕ್ಷಿ ಬುಟ್ಟಿಯ ಮೇಲೆ ಕೊಸರು ಹಾಕಿದ ಹಾಗೆ ಭಾನುಪ್ರಕಾಶರೂ ಮಾರಾಟವಾಗಿದ್ದರು.

"ನೋಡಿ ಸ್ವಾಮಿ, ನಾನು ಪಕ್ಷಿಗಳನ್ನು ಬಿಟ್ಟು ಮನುಷ್ಯರನ್ನು ತೆಗೆಯುವುದಿಲ್ಲ" ಎಂದು ನೆಲದಿಂದಲೇ ಕೊನೆಯದಾಗಿ ಕೂಗಿಕೊಂಡರು.

"ನಮ್ಮ ಕಡೆಯೋರು ಮೊದಲನೇ ಪಂಕ್ತಿಗೆ ಕೂತಾಗ ನೋಡಿ ಸಾಮಿ" ಎಂದರು ವೆಂಕಟರಾಯಪ್ಪನವರು. "ನಿಮಗೇನೂ ವ್ಯತ್ಯಾಸ ಕಾಣಲ್ಲ."

ಭಾನುಪ್ರಕಾಶರು ದೀನರಾಗಿ ಹೆಂಡತಿಯ ಕಡೆ ತಿರುಗಿದರು. "ಪಂದ್ಯ ಗೆದ್ದಿದ್ದು ನಾನು ಕಣೇ! ನೀನೇ ಮಾತು ಕೊಟ್ಟಿದ್ದೆ!"

"ಕೊಟ್ಟ ಮಾತಿಗೆ ನಾನು ತಪ್ಪಲ್ಲ ಕಣ್ರೀ" ಎಂದಳು ರಾಧಾಮಣಿ, ಕತ್ತಿನ ರೀಲು ಬಿಡಿಸುತ್ತ. "ನಮ್ಮ ನೆಂಟರು ಯಾರೂ ಇನ್ನು ನಿಮ್ಮನ್ನ ಕರೆಯಲ್ಲ. ವೆಂಕಟರಾಯಪ್ಪನವರು ನಮಗೆ ನೆಂಟರಾ?"