ಹೋಟೆಲಿನ ಅಕ್ಕನ ನಾಲಿಗೆ ಮತ್ತು ಗಂಟಲು

ಹೊಸನಗರದಲ್ಲಿ ನಾನು ಹಲ್ಲಿನ ಡಾಕ್ಟರು. ಬೋರ್ಡಿನಲ್ಲಿ ಹಾಗೆಯೇ ಬರೆಸಿದ್ದೇನೆ, ಪಕ್ಕದಲ್ಲಿ ದೊಡ್ಡದೊಂದು ದವಡೆ ಹಲ್ಲಿನ ಚಿತ್ರವೂ ಇದೆ. ಆದರೂ ಮೂಗಿನಿಂದ ಕೆಳಗೆ, ಎದೆಯಿಂದ ಮೇಲೆ ಏನೇ ಆದರೂ ಜನ ಮೊದಲು ನನ್ನ ಹತ್ತಿರವೇ ಬರುತ್ತಾರೆ. ಇದಕ್ಕೆ ಕಾರಣ ನನ್ನ ಕೈಗುಣ ಅಲ್ಲ. ಕ್ಲಿನಿಕ್ಕು ಬಸ್‌ಸ್ಟ್ಯಾಂಡಿನ ಎದುರಿಗಿದೆ, ಬಸ್ಸು ತಡವಾಗಿ ಬರುತ್ತದೆ. ಹೀಗೆ ಬಂದವರು ಬಾಯಿ ತೆರೆದಾಗಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ. ಇಲ್ಲಿ ಹೇಳುತ್ತಿರುವುದೆಲ್ಲ ಒಂದೇ ಬಾಯಿಯ ಕಥೆ.

ಆ ಬಾಯಿ ನಮ್ಮ ಬೀದಿಯ ಊಟದ ಹೋಟೆಲಿನ ಅಕ್ಕನದು. ಗಂಡ ಹೆಂಡತಿ ನಿಟ್ಟೂರು ಕಡೆಯವರು. ಅಡುಗೆ ಅಕ್ಕನದು, ಬಡಿಸುವುದು, ಗಲ್ಲಾ ಮತ್ತು ಲೋಕಾಭಿರಾಮ ಗಂಡನದು. ಗಂಡನನ್ನು ನಾವೆಲ್ಲ ಹೋಟೆಲಿನವರು ಎಂದೇ ಕರೆಯುವುದು. ನಾನು ಒಬ್ಬಂಟಿ, ಮಧ್ಯಾಹ್ನದ ಊಟ ಅಲ್ಲೇ. ಆದ್ದರಿಂದ ಮುಂದೆ ನಾನು ತೋರಿಸಿದ ಕಾಳಜಿಯಲ್ಲಿ ಅರ್ಧ ವೈದ್ಯಕೀಯ, ಅರ್ಧ ಹೊಟ್ಟೆಪಾಡು ಎಂದು ತಿಳಿಯಬೇಕು.

ಒಂದಾದರೂ ಕೀಳಿ

ಒಂದು ದಿನ ಊಟದ ಹೊತ್ತು ಮುಗಿದ ಮೇಲೆ ಹೋಟೆಲಿನವರು ಅಕ್ಕನನ್ನು ಕರೆದುಕೊಂಡು ಬಂದರು. ಅಕ್ಕ ಕುರ್ಚಿಯಲ್ಲಿ ಕೂತರು. ಮಾತು ಗಂಡನದು.

"ಬಾಯಿ ಉರಿ ಡಾಕ್ಟ್ರೇ. ತುಟಿ ಎರಡೂ ಬದಿ ಒಡ್ದಿದೆ. ಉಷ್ಣ."

ನಮ್ಮ ಕಡೆ ಕಾಯಿಲೆಗಳು ಎರಡೇ, ಉಷ್ಣ ಮತ್ತು ಥಂಡಿ. ಇವೆರಡರಲ್ಲಿ ಯಾವುದು ಎಂದು ಮನೆಯಲ್ಲೇ ತೀರ್ಮಾನವಾಗಿರುತ್ತದೆ, ಡಾಕ್ಟರ ಕೆಲಸ ಹೌದು ಎನ್ನುವುದು. ತಂಬುಳಿ ಆಗಿತ್ತು, ಎಳನೀರು ಆಗಿತ್ತು, ತುಟಿಗೆ ಬೆಣ್ಣೆ ಆಗಿತ್ತು. ಉಷ್ಣ ಇಳಿದಿರಲಿಲ್ಲ.

ಅಕ್ಕನಿಗೆ ನಾಲಿಗೆ ಚಾಚಲು ಹೇಳಿದೆ. ನಾಲಿಗೆಯ ಮೇಲೆ ಇರಬೇಕಾದ ತರಿ ಇಲ್ಲದೆ ನುಣ್ಣಗೆ, ಬಿಳಿಚಿಕೊಂಡು ಹೊಳೆಯುತ್ತಿತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಅಲ್ಲೂ ಕೆಂಪು ಕಾಣಲಿಲ್ಲ. ಹಲ್ಲುಗಳು ಗಟ್ಟಿಯಾಗಿದ್ದವು. ದವಡೆ ಹಲ್ಲುಗಳು ಮಾತ್ರ ವಯಸ್ಸಿಗೆ ಮೀರಿ ಸವೆದಿದ್ದವು.

"ಹಲ್ಲಿಂದೇನೂ ತೊಂದ್ರೆ ಇಲ್ಲ," ಎಂದೆ. "ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರೋ ಹಾಗಿದೆ. ರಕ್ತ ಕಡಿಮೆಯಾದ್ರೆ ನಾಲಿಗೆ ಹೀಗಾಗತ್ತೆ, ತುಟಿ ಒಡೆಯತ್ತೆ. ರಕ್ತ ಪರೀಕ್ಷೆ ಮಾಡಿಸಿ."

ಹೋಟೆಲಿನವರಿಗೆ ತೃಪ್ತಿಯಾಗಲಿಲ್ಲ. "ಹೋಟ್ಲು ಬಾಗ್ಲು ಹಾಕ್ಕೊಂಡು ಬಂದಿದೀವಿ ಡಾಕ್ಟ್ರೇ. ಬಂದಿದ್ದಕ್ಕೆ ಒಂದಾದ್ರೂ ಕಿತ್ತು ಕಳ್ಸಿ."

"ಯಾವುದನ್ನ ಕೀಳ್ಲಿ? ಎಲ್ಲ ಚೆನ್ನಾಗಿವೆ."

"ನಿಮಗೆ ಯಾವುದು ಸುಲಭವೋ ಅದು."

ಅಕ್ಕ ಬಾಯಿ ಮುಚ್ಚಿಕೊಂಡು ಕುರ್ಚಿಯಿಂದ ಇಳಿದರು. ಮರುದಿನ ಹೋಟೆಲಿನವರು ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು ನಗುತ್ತಾ ಬಂದರು.

"ಏಳೂವರೆ ಬಂದಿದೆ ಡಾಕ್ಟ್ರೇ. ಹತ್ತಕ್ಕೆ ಏಳೂವರೆ. ಫಸ್ಟ್ ಕ್ಲಾಸ್ ಅಲ್ದಾ?"

"ಹತ್ತಕ್ಕಲ್ಲ ಮಾರಾಯ್ರೇ. ಹೆಂಗಸರಿಗೆ ಹನ್ನೆರಡಾದ್ರೂ ಇರ್ಬೇಕು."

ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಹನ್ನೆರಡಕ್ಕೆ ಏಳೂವರೆ ಅಂದ್ರೂ ಫಸ್ಟ್ ಕ್ಲಾಸೇ ಬರತ್ತೆ," ಎಂದರು.

ಬೆಕ್ಕಿನ ಹಲ್ಲು

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅಕ್ಕನನ್ನು ನೋಡಿ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದೇ ದಿನಗಳಲ್ಲಿ ಹೋಟೆಲಿನವರಿಗೆ ಬೇರೊಂದು ಚಿಂತೆ ಹತ್ತಿಕೊಂಡಿತ್ತು. ಬಾಯಿ ಬಿಚ್ಚಿಟ್ಟ ಅಕ್ಕಿ ಮೂಟೆ ಅಡುಗೆಗೆ ತೆಗೆದದ್ದಕ್ಕಿಂತ ಹೆಚ್ಚು ಇಳಿಯುತ್ತಿತ್ತು. ಇಲಿ ಎಂದು ತೀರ್ಮಾನಿಸಿದರು. ಅಕ್ಕನ ತಂಗಿಯ ಮನೆ ತೀರ್ಥಹಳ್ಳಿಯಲ್ಲಿ. ಅಲ್ಲಿಂದ ಒಂದು ಹೆಣ್ಣು ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿ ಬಸ್ಸಿನಲ್ಲಿ ತಂದರು. ಬೆಕ್ಕು ಮೂಟೆಯ ಮೇಲೆ ಮಲಗಿತು. ಅಕ್ಕಿ ಇಳಿಯುತ್ತಲೇ ಹೋಯಿತು.

ಒಂದು ಬೆಳಿಗ್ಗೆ ಅವರು ಅದೇ ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಹಿಂದೆ ಅಕ್ಕನೂ ಬಂದಿದ್ದರು, ಬುಟ್ಟಿ ಬೇಡ ಬೇಡ ಎನ್ನುತ್ತಾ.

"ಇದರ ಹಲ್ಲು ಸ್ವಲ್ಪ ನೋಡಿ. ಅಕ್ಕಿ ತಿನ್ನತ್ತಾ ಅಂತ ಅನುಮಾನ."

ಓದಿದ್ದು ಇದಕ್ಕಲ್ಲ ಎಂದು ಹೇಳಬಹುದಿತ್ತು. ಆದರೆ ಮಧ್ಯಾಹ್ನ ಅವರ ಕೈಯಲ್ಲೇ ಬಡಿಸಿಕೊಳ್ಳಬೇಕು. ನೋಡಿದೆ. ಬೆಕ್ಕು ನನ್ನ ಬೆರಳನ್ನೂ ನೋಡಿತು. ಹಲ್ಲುಗಳು ಚೂಪಾಗಿದ್ದವು, ಒಂದೂ ಸವೆದಿರಲಿಲ್ಲ. ಬೆರಳಿಗೆ ಹತ್ತಿ ಒತ್ತಿಕೊಳ್ಳುವಾಗ, ಇದೇ ಕುರ್ಚಿಯಲ್ಲಿ ನಾನು ಸವೆದ ಹಲ್ಲು ಕಂಡಿದ್ದು ನೆನಪಾಯಿತು. ಅಕ್ಕನ ಕಡೆ ತಿರುಗಿದೆ.

"ನೀವು ಹಸಿ ಅಕ್ಕಿ ಅಗೀತೀರಾ?"

ಅಕ್ಕ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. "ಆರಿಸೋವಾಗ ಒಂದು ಹಿಡಿ ಬಾಯಿಗೆ ಹಾಕ್ಕೊಂತೀನಿ. ಹಿಟ್ಟಾಗೋ ತನಕ ಅಗಿಯೋದು. ಬಿಡ್ಬೇಕು ಅಂತೀನಿ, ಆಗಲ್ಲ."

ಕಬ್ಬಿಣದ ಅಂಶ ಕಡಿಮೆಯಾದವರಿಗೆ ಹೀಗೆ ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ಇವುಗಳ ಮೇಲೆ ಆಸೆ ಹುಟ್ಟುವುದುಂಟು, ಅದು ಕಾಯಿಲೆಯ ಲಕ್ಷಣ, ಅವರ ತಪ್ಪಲ್ಲ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಹೋಟೆಲಿನವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬುಟ್ಟಿಯ ಕಡೆ ಬಗ್ಗಿ, "ಸುಮ್ನೆ ನಿನ್ನ ಮೇಲೆ ಅನುಮಾನ ಪಟ್ಟೆ ಮಾರಾಯ್ತಿ," ಎಂದರು.

ಡೇರೆಗೆ ಡೋಸು

ಮಳೆಗಾಲ ಶುರುವಾಗಿ ವಾರಗಳು ಕಳೆದವು. ಅಕ್ಕನ ನಾಲಿಗೆ ಹಾಗೇ ಇತ್ತು. ಮಾತ್ರೆ ತಗೊಳ್ತಿದೀರಾ ಎಂದರೆ, ಖಾಲಿಯಾಗ್ತಾ ಇದೆ ಎನ್ನುತ್ತಿದ್ದರು. ಆದರೆ ಹೋಟೆಲಿನ ಮೆಟ್ಟಿಲ ಬದಿಯ ಡೇರೆ, ಅಂದರೆ ಡೇಲಿಯಾ ಗಿಡಗಳು ಮಾತ್ರ ಆ ವರ್ಷ ಎಂದೂ ಕಾಣದಷ್ಟು ಕೊಬ್ಬಿದ್ದವು. ಎಲೆ ಕಡು ಹಸಿರು, ಹೂವು ಊಟದ ತಟ್ಟೆಯಗಲ. ದಾರಿಯಲ್ಲಿ ಹೋಗುವ ಹೆಂಗಸರು ಕೊಡೆ ಓರೆ ಮಾಡಿ ನಿಂತು ನೋಡುತ್ತಿದ್ದರು. ನಮ್ಮ ಕಡೆ ಹೆಂಗಸರು ಚಿನ್ನದ ವಿಷಯದಲ್ಲಿ ಒಬ್ಬರನ್ನೊಬ್ಬರು ಕ್ಷಮಿಸಬಹುದು, ಡೇರೆ ಹೂವಿನ ವಿಷಯದಲ್ಲಿ ಇಲ್ಲ.

ನನಗೆ ಅನುಮಾನ ಬಂದು ಗಟ್ಟಿಯಾಗಿ ಕೇಳಿದೆ. ಅಕ್ಕ ಸೆರಗಿನ ತುದಿ ಸುತ್ತುತ್ತಾ ಹೇಳಿದರು. ಮಾತ್ರೆ ತಗೊಂಡರೆ ಹೊಟ್ಟೆ ತೊಳಸುತ್ತಿತ್ತಂತೆ. ಬೆಳಿಗ್ಗೆ ಕಕ್ಕಸಿನಲ್ಲಿ ನೋಡಿದರೆ ಎಲ್ಲ ಕಪ್ಪು. ಹೆದರಿಕೆಯಾಯಿತು. ಆದರೆ ಔಷಧ ಚೆಲ್ಲಲು ಮನಸ್ಸು ಬರಲಿಲ್ಲ. ಗಿಡದ ಬುಡಕ್ಕೆ ತುಕ್ಕು ಮೊಳೆ ಹಾಕಿದರೆ ಒಳ್ಳೆಯದು ಎಂದು ಅವರಮ್ಮ ಹೇಳುತ್ತಿದ್ದರು. ಇದೂ ಕಬ್ಬಿಣವೇ ತಾನೇ. ಅಕ್ಕಿ ತೊಳೆದ ನೀರಿನಲ್ಲಿ ಕರಗಿಸಿ ಹಾಕಿದರು.

"ಗಿಡಕ್ಕೆ ರಕ್ತ ಕಡಿಮೆ ಇತ್ತಾ ಅಕ್ಕಾ?"

"ಎಲೆ ಬಿಳಿಚಿತ್ತು ಡಾಕ್ಟ್ರೇ. ನನ್ನ ಹಾಗೇ."

ಆ ಮಾತಿಗೆ ನನಗೆ ಬೈಯಲಾಗಲಿಲ್ಲ. ಕಪ್ಪಗಾಗುವುದು ಮಾತ್ರೆಯ ಸಹಜ ಗುಣ, ಊಟವಾದ ಮೇಲೆ ತಗೊಂಡರೆ ಹೊಟ್ಟೆ ತೊಳಸುವುದು ಕಡಿಮೆ, ಕಾಫಿ ಜೊತೆ ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು ಎಂದೆ. ಸರಿ ಎಂದು ಒಪ್ಪಿಕೊಂಡರು.

ಮರುದಿನ ಕ್ಲಿನಿಕ್ಕು ತೆರೆಯುವಾಗಲೇ ಹಿಂದಿನ ಬೀದಿಯ ಟೀಚರಮ್ಮ ಬಂದು ಕೂತಿದ್ದರು. ಹಲ್ಲು ನೋವಾ ಎಂದೆ. ಅಲ್ಲ. ಒಸಡಾ ಎಂದೆ. ಅಲ್ಲ.

"ಹೋಟ್ಲಿನ ಅಕ್ಕಂಗೆ ಆಸ್ಪತ್ರೆಲಿ ಬರ್ಕೊಟ್ರಲ್ಲ, ಆ ಮಾತ್ರೆ ನಂಗೂ ಬರ್ಕೊಡಿ," ಎಂದರು. "ನಂದು ಹಳದಿ ಡೇರೆ. ಡೋಸು ಬೇರೆ ಬೇಕಾಗತ್ತಾ?"

ಎಲ್ಲರದ್ದೂ ಆದ ಮೇಲೆ

ಒಂದು ದಿನ ಹಲ್ಲೊಂದು ಹಟ ಮಾಡಿ ನನಗೆ ಊಟಕ್ಕೆ ತಡವಾಯಿತು. ಹೋಟೆಲಿನಲ್ಲಿ ಯಾರೂ ಇರಲಿಲ್ಲ. ಏನಾದರೂ ಉಳಿದಿದೆಯಾ ಎಂದು ಅಡುಗೆಮನೆಗೆ ಇಣುಕಿದೆ. ಅಕ್ಕ ಊಟ ಮಾಡುತ್ತಿದ್ದರು.

ಊಟ ಎನ್ನುವ ಹಾಗಿರಲಿಲ್ಲ. ಒಂದು ಲೋಟ ತೆಳು ಗಂಜಿ. ಒಂದು ಚಮಚ ಬಾಯಿಗೆ ಹಾಕಿ, ಕತ್ತು ಮುಂದೆ ಚಾಚಿ, ಗಂಟಲಿನ ಮೇಲೆ ಕೈಯಿಟ್ಟು, ಎರಡು ಗುಟುಕು ನೀರು ಕುಡಿದು ಇಳಿಸುತ್ತಿದ್ದರು. ಪಕ್ಕದಲ್ಲಿ ಪಾತ್ರೆಗೆ ಒರಗಿಸಿಟ್ಟ ಫೋನಿನಲ್ಲಿ ಸೀರಿಯಲ್ಲು ಓಡುತ್ತಿತ್ತು.

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಆಗಿರಬಹುದು. ಅನ್ನ ಇಲ್ಲೇ ಸಿಕ್ಕಿಕೊಂಡ ಹಾಗಾಗತ್ತೆ."

"ಮನೆಯಲ್ಲಿ ಹೇಳಲಿಲ್ವಾ?"

"ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ," ಎಂದು ಅಕ್ಕ ಲೋಟ ಕೆಳಗಿಟ್ಟರು. "ನಮ್ಮ ಚಿಕ್ಕಮ್ಮಂಗೂ ಹೀಗೇ ಶುರುವಾಗಿದ್ದು ಡಾಕ್ಟ್ರೇ. ಮೊದ್ಲು ಅನ್ನ ಇಳೀಲಿಲ್ಲ, ಆಮೇಲೆ ನೀರೂ ಇಳೀಲಿಲ್ಲ. ಗಂಟಲಲ್ಲಿ ಕೆಟ್ಟ ಕಾಯ್ಲೆ. ತೋರಿಸಿದ್ರೆ ನಂಗೂ ಅದೇ ಅಂತಾರೆ. ತೋರಿಸದಿದ್ರೆ ಅಷ್ಟು ದಿನ ಅಡುಗೆಯಾದ್ರೂ ಮಾಡಬಹುದಲ್ಲ."

ನನಗೆ ತುಂಬಾ ಸಂಕಟವಾಯಿತು. ದಿನಾ ಅಷ್ಟು ಜನಕ್ಕೆ ಅಟ್ಟು ಹಾಕುವ ಹೆಂಗಸಿಗೆ ಒಂದು ತುತ್ತು ಇಳಿಯುತ್ತಿಲ್ಲ, ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಬೀಳುವುದಾದರೂ ಹೇಗೆ? ಎಲ್ಲರದ್ದೂ ಆದ ಮೇಲೆ, ಒಳಗೆ, ಒಬ್ಬರೇ ಉಣ್ಣುವುದು ಅವರ ಪದ್ಧತಿ. ಯಾವ ಗಿರಾಕಿಗೆ ಮೊಸರು ಆಗದು, ಯಾರಿಗೆ ಬಿಸಿನೀರೇ ಬೇಕು ಎಂದೆಲ್ಲ ಬಾಯಿಪಾಠ ಹೇಳುವ ಗಂಡ, ಹೋಟೆಲು ಶುರುವಾದ ಮೇಲೆ ಹೆಂಡತಿ ಉಣ್ಣುವುದನ್ನು ನೋಡಿಯೇ ಇರಲಿಲ್ಲ.

ಅವರನ್ನು ಕರೆದು ಹೇಳಿದೆ. ಅವರು ಬಾಗಿಲ ಹತ್ತಿರವೇ ಕೂತುಬಿಟ್ಟರು. "ಅಷ್ಟೊತ್ತು ಒಳಗೆ ಸೀರಿಯಲ್ ನೋಡ್ತಾಳೆ ಅಂದ್ಕೊಂಡಿದ್ದೆ," ಎಂದರು.

"ನೋಡ್ತಿದ್ದೆ," ಎಂದರು ಅಕ್ಕ. "ಒಂದು ಲೋಟ ಗಂಜಿಗೆ ಎರಡು ಎಪಿಸೋಡು."

ಪೇಷೆಂಟಿಗೆ ಕಿಟಕಿ ಸೀಟು

ಸಾಗರದಲ್ಲಿ ನನಗೆ ಪರಿಚಯದ ಗಂಟಲಿನ ಡಾಕ್ಟರೊಬ್ಬರಿದ್ದಾರೆ. ಕೊಳವೆ ಹಾಕಿ ನೋಡೋಣ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರು. ಜೊತೆಗೆ ನಾನೂ ಹೋದೆ. ಬಸ್ಸಿನಿಂದ ಇಳಿಯುವ ಮೊದಲು ಅಕ್ಕ, ಕೆಟ್ಟ ಕಾಯಿಲೆಯೇ ಆಗಿದ್ದರೆ ಗಂಡನಿಗೆ ಹೇಳುವುದು ಬೇಡ, ತನಗೇ ಹೇಳಿ ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು.

ಹೋಟೆಲಿನವರು ಹಿಂದಿನ ರಾತ್ರಿಯೇ ಹರಕೆ ಹೊತ್ತಿದ್ದರು. ಹೆಂಡತಿಯ ಗಂಟಲಿನಿಂದ ಕೊಳವೆ ಹೊರಗೆ ಬರುವ ತನಕ ತಾನು ಒಂದು ಹನಿ ನೀರೂ ಮುಟ್ಟುವುದಿಲ್ಲ ಎಂದು. ಹುಟ್ಟಿದಾಗಿನಿಂದ ತಿಂಡಿ ತಪ್ಪಿಸದ ಮನುಷ್ಯ. ಅಕ್ಕನನ್ನು ಒಳಗೆ ಕರೆದದ್ದೇ ತಡ, ಇವರು ಬೆಂಚಿನಿಂದ ಜಾರಿ ಕೆಳಗೆ ಬಂದರು.

ಅಕ್ಕನ ಪರೀಕ್ಷೆ ಬೇಗ ಮುಗಿಯಿತು. "ಅನ್ನನಾಳದ ಶುರುವಿನಲ್ಲೇ ಒಂದು ತೆಳು ಪೊರೆ ಇತ್ತು," ಎಂದರು ಡಾಕ್ಟರು. "ಕಬ್ಬಿಣದ ಅಂಶ ಬಹಳ ದಿನ ಕಡಿಮೆಯಾದ್ರೆ ಕೆಲವರಿಗೆ ಹೀಗಾಗತ್ತೆ. ಕೊಳವೆ ಹೋಗೋವಾಗ್ಲೇ ಹರೀತು. ಕೆಟ್ಟದ್ದೇನೂ ಕಾಣ್ಲಿಲ್ಲ. ಆದ್ರೆ ರಕ್ತ ತುಂಬ್ಕೊಬೇಕು, ಆಗಾಗ ಬಂದು ತೋರಿಸ್ಬೇಕು."

ಅಕ್ಕ ಅಲ್ಲೇ ಗೋಡೆಗೆ ಒರಗಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಇವರೆಲ್ಲಿ ಎಂದು ಕೇಳಿದರು. ಇವರು ಪಕ್ಕದ ಕೋಣೆಯ ಮಂಚದ ಮೇಲೆ ಕೈಗೆ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದರು. ಅಕ್ಕ ಹೊರಗೆ ಹೋಗಿ ಅವರಿಗೆ ಇಡ್ಲಿ ಕಟ್ಟಿಸಿಕೊಂಡು ಬಂದರು.

ವಾಪಸು ಬರುವ ಬಸ್ಸು ತುಂಬಿತ್ತು. ಆಸ್ಪತ್ರೆಯಿಂದ ಬರುತ್ತಿದ್ದೇವೆ ಎಂದು ತಿಳಿದು ಕಂಡಕ್ಟರು, "ಪೇಷೆಂಟಿಗೆ ಕಿಟಕಿ ಸೀಟು ಬಿಡ್ರಿ," ಎಂದರು. ಜನ ಹೋಟೆಲಿನವರ ಮುಖ ನೋಡಿ ಅವರಿಗೇ ಬಿಟ್ಟುಕೊಟ್ಟರು. ಅವರು ಕೂತರು.

ಮೊದಲ ಎಲೆ

ಅಕ್ಕ ಸುಧಾರಿಸಿಕೊಳ್ಳಲು ತೀರ್ಥಹಳ್ಳಿಗೆ, ತಂಗಿಯ ಮನೆಗೆ ಹೋದರು. ಅಲ್ಲಿ ತಂಗಿ ಎದುರಿಗೆ ಕೂತು ಮಾತ್ರೆ ನುಂಗಿಸಿದರು, ಸೊಪ್ಪು, ಕಾಳು ಎಲ್ಲ ತಿನ್ನಿಸಿದರು. ಇಲ್ಲಿ ಹೋಟೆಲು ಮುಚ್ಚಬಾರದೆಂದು ಹೋಟೆಲಿನವರೇ ಅಡುಗೆಗೆ ನಿಂತರು.

ಆ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಪ, ಮನುಷ್ಯ ಸಂಕಟದಲ್ಲಿದ್ದಾನೆ ಎಂದು ನಾವು ಯಾರೂ ಬಾಯಿ ಬಿಡಲಿಲ್ಲ. ದಿನಾ ಊಟಕ್ಕೆ ಬರುವ ತಾಲೂಕು ಆಫೀಸಿನವರು ಎಲೆ ನೋಡದೆ ಗೋಡೆ ನೋಡಿಕೊಂಡು ಉಂಡರು. ಹೇಗಿದೆ ಎಂದು ಹೋಟೆಲಿನವರು ಕೇಳಿದರೆ, "ಬಿಸಿ ಇದೆ," ಎನ್ನುತ್ತಿದ್ದೆವು. ಅವರು ಅದನ್ನು ಹೊಗಳಿಕೆ ಎಂದೇ ತಗೊಂಡರು.

ಅಕ್ಕ ವಾಪಸು ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಮುಖಕ್ಕೆ ಬಣ್ಣ ಬಂದಿತ್ತು, ತುಟಿಯ ಬಿರುಕು ಮಾಗಿತ್ತು. ಸೀದಾ ಅಡುಗೆಮನೆಗೆ ಹೊರಟವರನ್ನು ಹೋಟೆಲಿನವರು ತಡೆದರು.

"ಒಳಗೆ ಬೇಡ. ಇನ್ಮೇಲೆ ನಿನ್ನ ಊಟ ಇಲ್ಲಿ, ಎಲ್ಲರಿಗಿಂತ ಮೊದ್ಲು. ನಾನು ನೋಡ್ಬೇಕು."

ಮುಂದಿನ ಮೇಜಿಗೆ ಎಲೆ ಹಾಕಿದರು. ನಾವು ಗಿರಾಕಿಗಳೆಲ್ಲ ಕೈ ತೊಳೆದುಕೊಂಡು ಸಾಲಾಗಿ ನಿಂತೆವು. ಅನ್ನ ಬಡಿಸಿದರು, ಸಾಂಬಾರು ಬಡಿಸಿದರು. ಅಕ್ಕ ಕಲೆಸಿ ಒಂದು ತುತ್ತು ಬಾಯಿಗಿಟ್ಟರು. ನೀರಿನ ಲೋಟ ಮುಟ್ಟಲಿಲ್ಲ. ಅಗಿದರು. ನುಂಗಿದರು. ಆಮೇಲೆ ಕಣ್ಣು ಮುಚ್ಚಿ ಹಾಗೇ ಕೂತುಬಿಟ್ಟರು.

ಹೋಟೆಲಿನವರು ಸೌಟು ಹಿಡಿದುಕೊಂಡೇ ಮೇಜಿನ ಮೇಲೆ ಬಗ್ಗಿದರು. "ಇಳೀಲಿಲ್ವಾ?"

"ಇಳೀತು."

"ಸಿಕ್ಕಿಕೊಳ್ಳಲಿಲ್ವಾ?"

"ಇಲ್ಲ. ಸಲೀಸಾಗಿ ಹೋಯ್ತು."

ಹೋಟೆಲಿನವರು ಸೌಟು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡರು. "ಮತ್ತೆ ಎಂತಕ್ಕೆ ಹಾಗೆ ಕೂತಿದ್ದು?"

"ನಾಲಿಗೆಗೆ ರುಚಿ ತಿಳೀತಾ ಇದೆ," ಎಂದರು ಅಕ್ಕ.

ಅವರು ಕಣ್ಣು ಬಿಟ್ಟು ಸಾಂಬಾರಿನ ಪಾತ್ರೆ ನೋಡಿದರು, ಗಂಡನನ್ನು ನೋಡಿದರು, ಸಾಲಾಗಿ ನಿಂತಿದ್ದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು.

"ಇಷ್ಟು ದಿನ ಇದನ್ನೇ ಉಂಡ್ರಾ ನೀವೆಲ್ಲ?" ಎಂದರು. "ಒಂದ್ಸಲ ಸಾಗರಕ್ಕೆ ಹೋಗಿ ನಾಲಿಗೆ ತೋರಿಸ್ಕೊಂಡು ಬನ್ನಿ."