ಇಪ್ಪತ್ತು ಮುಖದ ದಾಳದ ಸನ್ನಿಧಾನಕ್ಕೆ

ಮಾನ್ಯರೇ,

ಮೊದಲಿಗೆ ತಮ್ಮ ಇಪ್ಪತ್ತೂ ಮುಖಗಳಿಗೆ ನಮಸ್ಕಾರ. ಯಾವ ಮುಖಕ್ಕೆ ಮೊದಲು ಕೈ ಮುಗಿಯಬೇಕೆಂದು ತಿಳಿಯದೆ ಈ ಪತ್ರ ಇಷ್ಟು ತಡವಾಯಿತು. ಆರು ಮುಖದ ಸ್ವಾಮಿಯವರೆಗೆ ಪೂಜೆ ಮಾಡಿ ನಮಗೆ ಅಭ್ಯಾಸವಿದೆ. ಅದಕ್ಕಿಂತ ಹೆಚ್ಚು ಮುಖದವರು, ಅದೂ ನೀಲಿ ಪ್ಲಾಸ್ಟಿಕ್ಕಿನವರು, ನಮ್ಮ ಮನೆಗೆ ಬಂದಿದ್ದು ಇದೇ ಮೊದಲು.

ನಾನು ಮಲ್ಲಂದೂರು ಕಡೆಯ ರುದ್ರಾಣಿ, ಊರಿನ ಶಾಲೆಯಲ್ಲಿ ಕಲಿತಷ್ಟೇ ನನ್ನ ಓದು. ತಾವು ನನ್ನನ್ನು ನೋಡಿರಲಾರಿರಿ, ಏಕೆಂದರೆ ತಮ್ಮ ಕಣ್ಣೆಲ್ಲ ನಮ್ಮ ಯಜಮಾನರ ಮೇಲೆ. ಕಾಫಿ ಕೊಟ್ಟು, ಲೋಟ ತೆಗೆದು, ತಾವು ಮಂಚದ ಕೆಳಗೆ ಉರುಳಿದಾಗಲೆಲ್ಲ ಬಗ್ಗಿ ಹುಡುಕಿ ಕೊಡುವ ಹೆಂಗಸು ಒಬ್ಬಳಿದ್ದಾಳಲ್ಲ, ಅದು ನಾನೇ. ತಮ್ಮಂಥವರು ಇನ್ನಾವ ಮನೆಗಳಲ್ಲಿ ಬಿಡಾರ ಹೂಡಿದ್ದೀರೋ ತಿಳಿಯದು. ಆ ಮನೆಗಳ ಹೆಂಗಸರೂ ಓದಿಕೊಳ್ಳಲಿ ಎಂದೇ ಇದನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಪರಮೇಶ್ವರಪ್ಪನವರು ಬಹಳ ಕಾಲ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು, ಈಗ ನಮ್ಮದೇ ಸಣ್ಣ ತೋಟ ನೋಡಿಕೊಂಡಿರುವವರು. ಈ ಸಲ ಕಾಳುಮೆಣಸು ಕುಯ್ಯಲು ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಹಾಕಿದ್ದ ಏಣಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಚಿಕ್ಕಮಗಳೂರಿನ ಡಾಕ್ಟರು ರಾಡು ಹಾಕಿ, ಒಂದು ವಾಕರನ್ನೂ ಕೊಡಿಸಿ, ದಿನಾ ಎದ್ದು ನಡೆಯಲೇಬೇಕು, ಹೀಗೇ ಕೂತರೆ ಕಾಲು ಮರಗಟ್ಟಿ ಜೀವನವಿಡೀ ಮಂಚವೇ ಗತಿ ಎಂದು ಅವರ ಎದುರಿಗೇ ಹೇಳಿ ಕಳಿಸಿದರು. ಯಜಮಾನರು ತಲೆಯಾಡಿಸಿ ಮನೆಗೆ ಬಂದು ಮಂಚ ಹತ್ತಿದವರು ಇಳಿಯಲಿಲ್ಲ. ನೋವಿಗಲ್ಲ, ಮತ್ತೆ ಬಿದ್ದುಬಿಟ್ಟರೆ ಎಂಬ ಹೆದರಿಕೆಗೆ. ಹೆದರಿಕೆ ಎಂದು ಬಾಯಿಬಿಟ್ಟು ಹೇಳುವ ಜನವಲ್ಲ, ಆದ್ದರಿಂದ ವಾಕರಿನ ಮೇಲೆ ಟವೆಲ್ಲು ಒಣಗಿಸಿಕೊಂಡು ಗೋಡೆ ನೋಡುತ್ತಿದ್ದರು.

ಆಗ ತಮ್ಮ ಆಗಮನವಾಯಿತು. ಮೂಡಿಗೆರೆಯ ಸೊಸೈಟಿಯಲ್ಲಿ ಕೆಲಸ ಮಾಡುವ ನಮ್ಮ ಮಗಳು ಧನ್ಯಾ, ಅಪ್ಪ ಮಂಕಾಗಿರುವುದನ್ನು ನೋಡಲಾರದೆ, ದಪ್ಪ ಪುಸ್ತಕವೊಂದರ ಜೊತೆ ತಮ್ಮನ್ನು ತಂದುಕೊಟ್ಟಳು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಆಡುವ ಆಟವಂತೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ವೀರರಾಗಿ ಕಾಡು, ಗುಹೆ, ರಾಕ್ಷಸ ಎಂದು ಅಲೆಯುತ್ತಾರೆ. ಜೊತೆಗೆ ಯಾರೂ ಇಲ್ಲದಿದ್ದರೂ ಚಿಂತೆಯಿಲ್ಲವಂತೆ. ಮುಂದೇನಾಗುತ್ತದೆ ಎಂದು ತಮ್ಮನ್ನೇ ಕೇಳಿ ಉರುಳಿಸಿದರೆ, ಹತ್ತು ದಾಟಿದರೆ ಹೌದು, ದಾಟದಿದ್ದರೆ ಇಲ್ಲ. ಯಜಮಾನರು ಇದಕ್ಕೆ ಇಟ್ಟ ಹೆಸರು 'ಅಪ್ಪಣೆ ಕೇಳುವುದು'.

ಇಲ್ಲಿಂದ ನನ್ನ ದೂರು ಶುರು. ನಮ್ಮೂರಿನಲ್ಲಿ ಅಪ್ಪಣೆ ಕೊಡಲು ವೀರಭದ್ರಸ್ವಾಮಿ ಇದ್ದಾನೆ. ಅರ್ಚಕರು ಅವನ ಎರಡೂ ಹೆಗಲಿಗೆ ಹೂವು ಏರಿಸುತ್ತಾರೆ, ಬಲಗಡೆಯ ಹೂವು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಹೀಗೆ ಪ್ರಸಾದ ಕೇಳದೆ ನಾವು ಬಾವಿ ತೋಡಿಲ್ಲ, ಹಸು ಕೊಂಡಿಲ್ಲ. ಅಂಥ ಮನೆಯ ನಡುಮನೆಯಲ್ಲಿ, ನಾನು ಅಕ್ಕಿ ಕೇರುವ ಮೊರದೊಳಗೆ ತಾವು ಪ್ರತಿಷ್ಠಾಪನೆಗೊಂಡು, ಬೆಳಗಿನಿಂದ ಕಟಕಟ ಉರುಳುತ್ತ ಅಪ್ಪಣೆ ಹೊರಡಿಸಿದ್ದೇ ಹೊರಡಿಸಿದ್ದು. ತಮ್ಮ ಚುರುಕುತನವನ್ನು ಮೆಚ್ಚದೆ ಇರಲಾರೆ. ಸ್ವಾಮಿಯಾದರೆ ಒಂದು ಹೂವು ಕೆಡವುವುದಕ್ಕೂ ಅರ್ಧ ಗಂಟೆ ಯೋಚಿಸುತ್ತಾನೆ. ತಮಗೆ ಮಡಿ ಬೇಡ, ಮಂಗಳಾರತಿ ಬೇಡ, ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟು ಸಂಕೋಚವೂ ಬೇಡ.

ತಮ್ಮ ದಯೆಯಿಂದ ಯಜಮಾನರು ಈಗ ಅರುಣ್ ಎಂಬ ಕತ್ತಿ ಹಿಡಿದ ಯುವಕ. ಬಾಬಾಬುಡನ್‌ಗಿರಿಯ ಎರಡರಷ್ಟು ಎತ್ತರದ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತುತ್ತಾರೆ, ಹೊಳೆ ಹಾರುತ್ತಾರೆ. ಬಚ್ಚಲಿಗೆ ಹೋಗಲು ಮಾತ್ರ ನನ್ನ ಹೆಗಲು ಬೇಕು. ಅರುಣನಿಗೆ ಗಾಯವಾದರೆ ಮೂಲಿಕೆಯ ಚೀಲ ಹೊತ್ತು ಕುಸುಮಾ ಎಂಬಾಕೆ ಬರುತ್ತಾಳೆ, ಒಮ್ಮೆ ಹಣೆ ಮುಟ್ಟಿದರೆ ಸಾಕು, ಇವರು "ನಿನ್ನ ಉಪಕಾರ ಮರೆಯಲಾರೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಆ ಹೊತ್ತಿಗೆ ನಾನು ಅದೇ ಮಂಚದ ಕೊನೆಯಲ್ಲಿ ಕೂತು ಬಿಸಿ ಎಣ್ಣೆ ಹಚ್ಚಿ ನಿಜವಾದ ಕಾಲನ್ನು ತಿಕ್ಕುತ್ತಿರುತ್ತೇನೆ. ನನಗೆ ಬರುವ ಮಾತು, ಸ್ವಲ್ಪ ಮೆಲ್ಲಗೆ ತಿಕ್ಕು, ಲೆಕ್ಕ ತಪ್ಪುತ್ತದೆ ಎಂದು. ಕುಸುಮಾಳ ವಿಳಾಸ ತಮ್ಮಲ್ಲಿದ್ದರೆ ದಯಮಾಡಿ ತಿಳಿಸಿ, ಬಚ್ಚಲಿನ ಸರದಿಯನ್ನೂ ಅವಳಿಗೇ ವಹಿಸಿಬಿಡುತ್ತೇನೆ.

ತಡೆಯಲಾರದೆ ನಾನು ಸ್ವಾಮಿಯ ಬಳಿ ಹೋಗಿ, ಇವರು ಎದ್ದು ಓಡಾಡುತ್ತಾರೋ ಇಲ್ಲವೋ ಎಂದು ಪ್ರಸಾದ ಕೇಳಿಸಿದೆ. ಎಡಗಡೆಯ ಹೂವು ಬಿತ್ತು. ಅರ್ಚಕರು ಗಾಳಿ ಬಂತೇನೋ ಎಂದರು, ನಾನೂ ಇರಬಹುದು ಎಂದೆ, ಮತ್ತೆ ಕೇಳಿದೆವು. ಮತ್ತೆ ಎಡ. ಬಾಗಿಲು ಹಾಕಿಸಿ ಇನ್ನೊಮ್ಮೆ ಕೇಳಿದಾಗ ಬಲಗಡೆಯ ಹೂವು ತಾನಾಗಿ ಜಾರಿತು. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ದೇವರು ಮನೆಯ ಹಿರಿಯರ ಹಾಗೆ, ಮೊದಲು ಬೇಡ ಅನ್ನುತ್ತಾನೆ, ಕಾಲು ಹಿಡಿದು ಕೂತರೆ ಆಗಲಿ ಅನ್ನುತ್ತಾನೆ. ಆ ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಿಬಂದು ಬಲಪ್ರಸಾದ ಆಗಿದೆ ಎಂದು ಹೇಳಿದರೆ, ಯಜಮಾನರು ತಮ್ಮನ್ನು ಕೈಯಲ್ಲಿ ಕುಲುಕುತ್ತ, ತಲೆ ಎತ್ತದೆ ಕೇಳಿದ ಮಾತು ಇದು: "ಎಷ್ಟನೇ ಸಲಕ್ಕೆ ಮಾರಾಯ್ತಿ?"

ಮಾನ್ಯರೇ, ಈ ಮಾತು ಅವರಿಗೆ ಕಲಿಸಿದವರು ತಾವು. ತಮ್ಮಲ್ಲಿ ಎರಡನೇ ಸಲ ಕೇಳುವ ಪದ್ಧತಿಯೇ ಇಲ್ಲವಂತೆ. ಕೋಣೆಯಲ್ಲಿ ನೋಡುವವರು ಒಬ್ಬರೂ ಇಲ್ಲದಿದ್ದರೂ, ಅರುಣನ ಕತ್ತಿ ಮುರಿದು ಹೊಳೆ ಪಾಲಾದರೂ, ಬಿದ್ದದ್ದು ಬಿದ್ದ ಹಾಗೆಯೇ ಒಪ್ಪಿಕೊಳ್ಳಬೇಕಂತೆ. ಒಬ್ಬನೇ ಆಡುವವನು ಮೋಸ ಮಾಡಿದರೆ ಯಾರಿಗೆ ಮಾಡಿದ ಹಾಗಾಯಿತು ಎಂದು ನನಗೇ ಪಾಠ ಹೇಳಿದರು. ಇಸ್ಪೀಟಿನಲ್ಲಿ ತೊಡೆಯ ಕೆಳಗೆ ಎಲೆ ಬಚ್ಚಿಡುತ್ತಿದ್ದ ಮನುಷ್ಯನಿಗೆ ಇಷ್ಟು ಸತ್ಯಸಂಧತೆ ಬರಿಸಿದ್ದಕ್ಕೆ ತಮಗೆ ಶಾಲು ಹೊದಿಸಬೇಕು, ಆದರೆ ತಮ್ಮ ಭುಜ ಯಾವುದೆಂದು ತಿಳಿಯದು.

ಮೊನ್ನೆ ಸೋಮವಾರ ಅಕ್ಕಿಯಲ್ಲಿ ಹುಳ ಕಂಡು, ತಮ್ಮ ಸಿಂಹಾಸನವಾದ ಮೊರವನ್ನು ನಾನು ತೆಗೆದುಕೊಂಡುಬಿಟ್ಟೆ. ಯಜಮಾನರು ತಮ್ಮನ್ನು ಮುಷ್ಟಿಯಲ್ಲಿಟ್ಟುಕೊಂಡು ಗೊಣಗುತ್ತಿದ್ದರು. ನನಗೂ ರೇಗಿತು. ದಾಳದವರು ಅಷ್ಟು ನಂಬಿಕೆಯ ಗುರುಗಳಾದರೆ, ಇವತ್ತು ಎದ್ದು ನಡೆಯಬೇಕೋ ಬೇಡವೋ ಎಂದು ಅವರನ್ನೇ ಕೇಳಿ ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ಆಟದ್ದು ಆಟಕ್ಕೆ ಎಂದರು. ನಾನು ಮೊರ ಕೆಳಗಿಟ್ಟು ಎದುರಿಗೇ ಕೂತೆ. ಬಹಳ ಹೊತ್ತು ತಮ್ಮನ್ನು ಕುಲುಕಿ, ಕೊನೆಗೆ ಬರೀ ಸಿಮೆಂಟು ನೆಲದ ಮೇಲೆ ಬಿಟ್ಟರು.

ತಾವು ನಿಲ್ಲುವ ಜನವೇ? ನಡುಮನೆ ದಾಟಿ, ಹೊಸಿಲು ಹಾರಿ, ಜಗಲಿಯ ಮೆಟ್ಟಿಲಿಳಿದು ಕಾಫಿ ಒಣಗಿಸುವ ಕಣದಲ್ಲಿ ಹೋಗಿ ಕೂತಿರಿ. ನಾನು ಓಡಿಹೋಗಿ ನೋಡಿದೆ. ತಾವು ನಾಲ್ಕು ತೋರಿಸುತ್ತಿದ್ದಿರಿ. ಇಲ್ಲ ಎಂದು. ಮನೆಯ ಯಜಮಾನ ಇನ್ನು ಮಂಚದಲ್ಲೇ ಇರಲಿ ಎಂದು, ಬಿಸಿಲಿನಲ್ಲಿ ಥಳಥಳ ಹೊಳೆಯುತ್ತ ಹೇಳುತ್ತಿದ್ದಿರಿ. ನಾನು ಶಿವನನ್ನು ನೆನೆದು, ಬಾಗಿಲ ಕಡೆ ತಿರುಗಿ, ಹದಿನೇಳು ಎಂದು ಕೂಗಿದೆ.

ಒಳಗಿನಿಂದ ಅವರ ಧ್ವನಿ ಬಂತು. "ಮುಟ್ಟಬೇಡ ನೀನು. ಅಲ್ಲೇ ಇರ್ಲಿ. ನೀ ಹೇಳಿದ್ದು ನಂಬೋ ಹಂಗಿಲ್ಲ, ನಾನೇ ನೋಡ್ತೀನಿ."

ಟವೆಲ್ಲು ನೆಲಕ್ಕೆ ಬಿದ್ದ ಸದ್ದು, ವಾಕರಿನ ಕಾಲು ಸಿಮೆಂಟಿಗೆ ಕುಟ್ಟಿದ ಸದ್ದು, ನಡುವೆ ಅವರ ಉಸಿರು. ಹೋಗಿ ಹಿಡಿದುಕೊಳ್ಳಬೇಕೆಂದು ಜೀವ ಬಡಿದುಕೊಂಡರೂ, ಹೋದರೆ ನಂಬರು ಬದಲಾಯಿಸಿದೆ ಅಂದಾರೆಂದು ಕಣದಲ್ಲೇ ನಿಂತೆ. ಹೊಸಿಲಿನ ಹತ್ತಿರ ಬಹಳ ಹೊತ್ತು ತಡೆದರು. ಮೆಟ್ಟಿಲಿಳಿಯುವಾಗ ಬೈದರು, ನನ್ನನ್ನೋ ತಮ್ಮನ್ನೋ ಗೊತ್ತಾಗಲಿಲ್ಲ. ಬೆವರಿ ತೊಯ್ದು ತಮ್ಮ ಮುಂದೆ ಬಂದು ನಿಂತು, ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ನಾಕು," ಎಂದರು. "ಇಲ್ಲ ಅಂತಿದೆ ನೋಡು. ನಡೀಬಾರ್ದಂತೆ."

ಹೌದು, ನಡೆಯಬಾರದಂತೆ ಎಂದು ನಾನೂ ಒಪ್ಪಿಕೊಂಡೆ.

ಅವರು ಅಲ್ಲೇ ನಿಂತು ತೋಟದ ಕಡೆ ನೋಡಿದರು. ಇವರು ಮಂಚದಲ್ಲಿದ್ದಾಗಲೇ ಹೂಮಳೆ ಬಂದು, ಕಾಫಿ ಬೆಳ್ಳಗೆ ಅರಳಿ, ಕಂದಿಯೂ ಹೋಗಿತ್ತು. ಒಂದು ರೆಂಬೆ ಎಳೆದು ನೋಡಿ, ಕಾಯಿ ಕಚ್ಚಿದೆ, ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿದರು. ಹೇಳಿದ್ದೆ. ಆಗ ತಾವಿಬ್ಬರೂ ಗುಹೆಯೊಳಗಿದ್ದಿರಿ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ. ಇನ್ನು ಮುಂದೆ ಮೊರ ಸಿಗುವುದಿಲ್ಲ, ಅದು ಅಡುಗೆಮನೆಯ ಮೊಳೆಗೆ ಏರಿದೆ. ತಾವು ದಿನಾ ನೆಲದ ಮೇಲೆಯೇ ಉರುಳಬೇಕು, ಸಾಧ್ಯವಾದಷ್ಟೂ ದೂರ ಹೋಗಬೇಕು. ಈ ವಾರ ದನದ ಹಟ್ಟಿಯವರೆಗೆ, ಮುಂದಿನ ವಾರ ಗೇಟಿನವರೆಗೆ, ಮಳೆಗಾಲ ಹಿಡಿಯುವ ಮೊದಲು ವೀರಭದ್ರಸ್ವಾಮಿಯ ಗುಡಿಯ ಮೆಟ್ಟಿಲವರೆಗೆ. ಯಾವ ಮುಖ ತೋರಿಸುತ್ತೀರೋ ತಮ್ಮ ಇಷ್ಟ. ನಾನು ಹದಿನೇಳು ಎಂದೇ ಕೂಗುತ್ತೇನೆ.

ತಮ್ಮನ್ನು ಮಂಚದ ಕೆಳಗಿನಿಂದ ಇನ್ನು ಹೆಕ್ಕಿ ಕೊಡದಿರುವ,
ತಮ್ಮ ವಿಶ್ವಾಸಿ,
ರುದ್ರಾಣಿ ಪರಮೇಶ್ವರಪ್ಪ

ತಾ.ಕ.: ಮಂಗಳವಾರ ಸ್ವಾಮಿಗೆ ಹಣ್ಣುಕಾಯಿ ಮಾಡಿಸಿ ಬಂದೆ. ಬಲಗಡೆಯ ಹೂವು ಸುಳ್ಳಾಗಲಿಲ್ಲ, ಎಷ್ಟನೇ ಸಲಕ್ಕೆ ಬಿದ್ದಿದ್ದರೂ. ತಾವು ಮಾತ್ರ ಒಂದೇ ಸಲಕ್ಕೆ, ಬಹಳ ಪ್ರಾಮಾಣಿಕವಾಗಿ, ತಪ್ಪು ಹೇಳಿದಿರಿ.